ಮಲಯ್ ಜೋಗುಳದ ಹಗ್ಗ

ಬೆಳಗಿನ ಐದೂ ಮುಕ್ಕಾಲಿಗೆ ಸುವರ್ಣಾಳ ಸ್ನಾನ ಮುಗಿದಿರುತ್ತದೆ. ಹಣೆಗೆ ವಿಭೂತಿ ಹಚ್ಚಿಕೊಂಡು, ದೇವರ ಮುಂದೆ ದೀಪ ಇಟ್ಟು, ಅಡುಗೆಮನೆಗೆ ಬಂದು ಚಹಾಕ್ಕೆ ನೀರಿಡುತ್ತಾಳೆ. ನೀರು ಕುದಿಯುವಷ್ಟರಲ್ಲಿ ಫೋನ್ ತೆಗೆದು ಮಗಳಿಗೆ ಒಂದು ಸಾಲು ಕಳಿಸುತ್ತಾಳೆ: ‘ಎದ್ದೀಯೇನವಾ? ಹ್ಯಾಂಗಿದ್ದಿ?’ ಲಂಡನ್ನಿನ ಇನ್ನೊಂದು ತುದಿಯ ಇಲ್ಫರ್ಡಿನಿಂದ ಉತ್ತರ ಬರುವ ತನಕ ಚಹಾ ಮುಟ್ಟುವುದಿಲ್ಲ. ಉತ್ತರ ಒಮ್ಮೊಮ್ಮೆ ಆರಕ್ಕೆ ಬರುತ್ತದೆ, ಒಮ್ಮೊಮ್ಮೆ ಏಳೂವರೆಗೆ. ಯಾವಾಗ ಬಂದರೂ ಮಾತು ಒಂದೇ: ‘ಆಲ್ ಫೈನ್ ಮಮ್ಮಿ.’ ಅಷ್ಟು ಕಂಡ ಮೇಲೆ ಕೆನೆಗಟ್ಟಿ ಆರಿಹೋದ ಚಹಾವನ್ನು ನಿಂತುಕೊಂಡೇ ಕುಡಿದು ಕೆಲಸಕ್ಕೆ ಹೊರಡುತ್ತಾಳೆ.

‘ಅಕಿ ಉತ್ತರಾ ಕೊಡಲಿಲ್ಲಂದ್ರ ಮಲಗ್ಯಾಳ ಅಂತ ಅರ್ಥ’ ಎನ್ನುತ್ತಾನೆ ಗಂಡ ದಾನಪ್ಪ, ಬಸ್ ಡಿಪೋಗೆ ಹೋಗಲು ಬೂಟು ಹಾಕಿಕೊಳ್ಳುತ್ತ. ‘ಮಲಕೊಂಡಾಕಿಗೆ ಏನಾಗೈತಿ? ಸುಮ್ನ ಬಿಸೀದ ಕುಡಿ.’

‘ನೀವು ನಿಮ್ಮ ಬೂಟ್ ನೋಡ್ಕೋರಿ’ ಎನ್ನುತ್ತಾಳೆ ಸುವರ್ಣಾ.

ಫೆಬ್ರುವರಿಯಲ್ಲಿ ಶರಣ್ಯಾ ಸುದ್ದಿ ಹೇಳಿದ ದಿನದಿಂದ ಈ ರೂಢಿ ಒಂದು ದಿನವೂ ತಪ್ಪಿಲ್ಲ. ಶರಣ್ಯಾ ಅವರ ಒಬ್ಬಳೇ ಮಗಳು. ಅವಳಿಗೆ ಇದು ಮೂರನೆಯ ಬಸಿರು. ಮೊದಲನೆಯದು ಹನ್ನೊಂದು ವಾರಕ್ಕೆ ಹೋಯಿತು. ಎರಡನೆಯದು ಇಪ್ಪತ್ತು ವಾರದವರೆಗೆ ನಿಂತು, ಎಲ್ಲರಿಗೂ ಧೈರ್ಯ ಬಂದ ಮೇಲೆ ಹೋಯಿತು.

ಆ ಎರಡನೆಯದರ ಬಗ್ಗೆ ಸುವರ್ಣಾ ಯಾರಿಗೂ ಹೇಳದ ಒಂದು ಸಂಗತಿ ಇದೆ. ಆಗ ವಿಜಯಪುರದಿಂದ ಬಂದ ಸಂಬಂಧಿಕರೊಬ್ಬರು ಒಂದು ತೊಟ್ಟಿಲು ತಂದುಕೊಟ್ಟಿದ್ದರು. ಕ್ವೀನ್ಸ್‌ಬರಿಯ ತಮ್ಮ ಮನೆಯ ಹಿಂದಿನ ಕೋಣೆಯಲ್ಲಿ ದಾನಪ್ಪ ಅದನ್ನು ಜೋಡಿಸಿ, ಸರಪಳಿ ಸಿಕ್ಕಿಸಿ, ಅಂಗಡಿಗೆ ಹೋಗಿದ್ದ. ಸುವರ್ಣಾ ಒಬ್ಬಳೇ ಅದರ ಮುಂದೆ ನಿಂತಿದ್ದಳು. ಸರಪಳಿ ಕಿರುಗುಟ್ಟುತ್ತದೆಯೋ ನೋಡೋಣವೆಂದು ಒಂದೇ ಬೆರಳಿನಿಂದ ತೊಟ್ಟಿಲನ್ನು ದೂಡಿದಳು. ಎರಡು ಸಲ ಹೋಗಿ ಬಂತು. ಖಾಲಿ ತೊಟ್ಟಿಲು ತೂಗಬಾರದು ಎಂಬುದು ಅವಳಿಗೆ ಗೊತ್ತಿರಲಿಲ್ಲವೆಂದಲ್ಲ. ತವರಿನಲ್ಲಿ ಐದು ವರ್ಷದವಳಿದ್ದಾಗ ಅದಕ್ಕಾಗಿಯೇ ಅಜ್ಜಿಯ ಕೈಯಿಂದ ಪೆಟ್ಟು ತಿಂದವಳು. ಸಂತೋಷದಲ್ಲಿ ಮರೆತಿದ್ದಳು. ನೆನಪಾದ ಕೂಡಲೇ ಎರಡೂ ಕೈಯಿಂದ ತಡೆದು ನಿಲ್ಲಿಸಿದಳು. ನಾಲ್ಕನೆಯ ದಿನ ಇಲ್ಫರ್ಡಿನಿಂದ ಫೋನ್ ಬಂತು.

ಡಾಕ್ಟರು ಕಾರಣ ಹೇಳಿದರು. ಗರ್ಭಕೋಶದ ಬಾಯಿ ಸಡಿಲವಾಗಿತ್ತು, ಯಾರೂ ಏನೂ ಮಾಡುವಂತಿರಲಿಲ್ಲ. ಸುವರ್ಣಾ ಡಾಕ್ಟರ ಮಾತನ್ನು ನಂಬಿದಳು. ಮನೆಗೆ ಬಂದು ತೊಟ್ಟಿಲನ್ನು ಹಾಸಿಗೆಯ ಬಟ್ಟೆಯಲ್ಲಿ ಸುತ್ತಿ ಅಟ್ಟಕ್ಕೆ ಏರಿಸಿದಳು. ಎರಡನ್ನೂ ಒಂದೇ ಮನಸ್ಸಿನಿಂದ ಮಾಡಿದಳು.

ಆ ದಿನಗಳಲ್ಲಿ ಮನೆಯಲ್ಲಿ ಕೂರಲಾಗದೆ ಅವಳು ಕಾಯಿರ್, ಅಂದರೆ ಕೂಡಿ ಹಾಡುವ ಒಂದು ಮಂಡಳಿ, ಸೇರಿದ್ದು. ಅವಳು ಒಂದು ಪ್ರಾಥಮಿಕ ಶಾಲೆಯಲ್ಲಿ ಮಕ್ಕಳಿಗೆ ಮಧ್ಯಾಹ್ನದ ಊಟ ಬಡಿಸುತ್ತಾಳೆ. ಎರಡು ಗಂಟೆಗೆ ಕೆಲಸ ಮುಗಿಯುತ್ತದೆ. ಶಾಲೆಯ ಹತ್ತಿರದ ಚರ್ಚಿನ ಹಿಂದಿನ ಹಾಲಿನಲ್ಲಿ ಬುಧವಾರ ಮೂರು ಗಂಟೆಗೆ ಇಪ್ಪತ್ತೆರಡು ಜನ ಸೇರಿ ಹಾಡುತ್ತಾರೆ. ಹಾಡಿಸುವವರು ಜಲೇಹಾ. ಮಲೇಷ್ಯಾದ ಪೂರ್ವ ಕರಾವಳಿಯ ಒಂದು ಮೀನುಗಾರರ ಹಳ್ಳಿಯವರು, ಲಂಡನ್ನಿನ ಶಾಲೆಗಳಲ್ಲಿ ಮೂವತ್ತು ವರ್ಷ ಸಂಗೀತ ಕಲಿಸಿ ನಿವೃತ್ತರಾದವರು. ತಮ್ಮ ಹಳ್ಳಿಯಲ್ಲಿ ದೋಣಿ ನೂಕುವಾಗ, ಭತ್ತ ಕುಟ್ಟುವಾಗ, ಮಕ್ಕಳನ್ನು ಮಲಗಿಸುವಾಗ ಹಾಡುತ್ತಿದ್ದ ಮಲಯ್ ಪದಗಳನ್ನು ನೆನಪಿನಿಂದ ತೆಗೆದು, ಹೆಂಗಸರಿಗೆ ಎರಡು ದನಿ, ಗಂಡಸರಿಗೆ ಎರಡು ದನಿ ಎಂದು ನಾಲ್ಕು ಪಾಲು ಮಾಡಿ ಕೂಡಿಸಿದ್ದಾರೆ. ಎಲ್ಲರೂ ಅವರನ್ನು ‘ಕಾಕ್’ ಎಂದು ಕರೆಯುತ್ತಾರೆ. ಮಲಯ್ ಭಾಷೆಯಲ್ಲಿ ಹಾಗೆಂದರೆ ಅಕ್ಕ ಎಂದು ತಿಳಿದ ದಿನದಿಂದ ಸುವರ್ಣಾ ಮಾತ್ರ ‘ಅಕ್ಕಾ’ ಎಂದೇ ಕರೆಯುತ್ತಾಳೆ. ಅವರೂ ಓಗೊಡುತ್ತಾರೆ.

ಸುವರ್ಣಾಳಿಗೆ ಬೇರೆಯವರ ಹಾಗೆ ಸಂಗೀತದ ಕಾಗದ ಓದಲು ಬಾರದು. ಮಲಯ್ ಪದಗಳನ್ನು ಕನ್ನಡದಲ್ಲಿ ಬರೆದುಕೊಂಡು ಕಿವಿಯಿಂದಲೇ ಕಲಿಯುತ್ತಾಳೆ. ಮೊದಮೊದಲು ಅವಳಿಂದ ಒಂದೇ ತಪ್ಪು ಮತ್ತೆ ಮತ್ತೆ ಆಗುತ್ತಿತ್ತು. ಚಿಕ್ಕಂದಿನಿಂದ ಭಜನೆಯಲ್ಲಿ ಕುಳಿತವಳು. ಭಜನೆಯೆಂದರೆ ಮುಂದಿನವರು ಎತ್ತಿದ್ದನ್ನು ಎಲ್ಲರೂ ಎತ್ತುವುದು. ಇಲ್ಲಿ ಅವಳನ್ನು ಹೆಂಗಸರ ಕೆಳದನಿಯ ಸಾಲಿನಲ್ಲಿ ನಿಲ್ಲಿಸಿದ್ದರು. ಮೇಲಿನ ದನಿಯವರು ಹಾಡಿನ ಧಾಟಿ ಎತ್ತಿದರೆ ಸಾಕು, ಇವಳ ಗಂಟಲು ತನ್ನ ಜಾಗ ಬಿಟ್ಟು ಅವರ ಹಿಂದೆ ಹೊರಟುಬಿಡುತ್ತಿತ್ತು.

‘ಏನ್ರೀ ಸುವರ್ಣಾ, ಮತ್ತೆ ನಮ್ಮ ಮನೆಗೆ ಬಂದ್ರಾ?’ ಎಂದು ಮೇಲಿನ ದನಿಯ ಸಾಲಿನಿಂದ ಕಲ್ಯಾಣಿ ನಗುತ್ತಿದ್ದಳು. ಕಲ್ಯಾಣಿ ಮೈಸೂರಿನವಳು, ಡಾಕ್ಟರ ಹೆಂಡತಿ, ಕಾಯಿರಿನ ಕಾರ್ಯದರ್ಶಿ. ಕಾಯಿರಿನಲ್ಲಿ ಕನ್ನಡದವರು ಇವರಿಬ್ಬರೇ.

‘ನಿಮ್ಮ ಮನಿ ಬಾಗಲಾ ಹಾಕ್ಕೋರಿ, ಬರೂದಿಲ್ಲ’ ಎನ್ನುತ್ತಿದ್ದಳು ಸುವರ್ಣಾ.

ಆರು ತಿಂಗಳು ಒಂದು ಕಿವಿಗೆ ಬೆರಳಿಟ್ಟುಕೊಂಡು ಹಾಡಿ, ಕೊನೆಗೆ ಅವಳು ತನ್ನ ಜಾಗದಲ್ಲಿ ನಿಲ್ಲುವುದನ್ನು ಕಲಿತಳು. ಎಲ್ಲರೂ ಎತ್ತ ಹೋದರೂ ತಾನು ಹಿಡಿದ ಸ್ವರ ಬಿಡದೆ ನಿಲ್ಲುವುದು ಅವಳಿಗೆ ಪೂಜೆಗೆ ಕೂತಂತೆ ಅನ್ನಿಸುತ್ತಿತ್ತು.

ಈ ವರ್ಷ ಜೂನ್ ಎರಡನೆಯ ಶನಿವಾರ ಚರ್ಚಿನಲ್ಲಿ ಕಛೇರಿ ಎಂದು ಗೊತ್ತಾಯಿತು. ಎಂಟು ಹಾಡು, ಕೊನೆಯದು ಜಲೇಹಾರ ಅಜ್ಜಿಯ ಜೋಗುಳ. ಮೀನಿಗೆ ಹೋದ ಅಪ್ಪನ ದೋಣಿಗೆ ಗಾಳಿ ಹಿಂದಿನಿಂದ ಬೀಸಲಿ, ನೀನು ಅಳದಿದ್ದರೆ ಗಾಳಿಗೆ ದಾರಿ ಕೇಳಿಸುತ್ತದೆ, ಮಲಗು ಎಂಬಂಥ ಹಾಡು. ಅದನ್ನು ಒಬ್ಬಳೇ ಶುರು ಮಾಡಬೇಕು, ಆಮೇಲೆ ಉಳಿದವರು ಒಬ್ಬೊಬ್ಬರಾಗಿ ಕೂಡಿಕೊಳ್ಳಬೇಕು. ಆ ಒಬ್ಬಳು ಸುವರ್ಣಾ ಎಂದು ಜಲೇಹಾ ಹೇಳಿದರು.

‘ನೀವೆಲ್ಲ ಜನರಿಗಾಗಿ ಹಾಡುತ್ತೀರಿ’ ಎಂದರು ಅವರು ಮಿಕ್ಕವರಿಗೆ. ‘ಇವಳ ದನಿ ಕೈಯಲ್ಲಿ ಕೆಲಸ ಇರುವವಳ ದನಿ. ಜೋಗುಳಕ್ಕೆ ಅದೇ ಬೇಕು.’

ಸುವರ್ಣಾಳಿಗೆ ಅಂದು ಖುಷಿಯಿಂದ ಊಟ ಸೇರಲಿಲ್ಲ. ಶರಣ್ಯಾಳಿಗೆ ಫೋನಿನಲ್ಲಿ ಹೇಳಿದಳು. ‘ಸೋಲೋನಾ? ಮಮ್ಮಿ! ಯು ಆರ್ ಫೇಮಸ್!’ ಎಂದು ಅವಳು ಕೂಗಿದಳು.

ಮೇ ತಿಂಗಳ ಮೊದಲ ಬುಧವಾರ ಜಲೇಹಾ ಹಾಲಿಗೆ ಒಂದು ಮರದ ಚೌಕಟ್ಟು ತಂದರು. ಅದರ ಅಡ್ಡಗೋಲಿನಿಂದ ಹೂಬಳ್ಳಿಯ ಕಂದು ಬಟ್ಟೆಯೊಂದು ಜೋಳಿಗೆಯಂತೆ ಇಳಿಬಿದ್ದಿತ್ತು. ಬಟ್ಟೆಗೆ ಒಂದು ಉದ್ದ ಹಗ್ಗ ಕಟ್ಟಿತ್ತು.

‘ಈ ಹಾಡಿಗೆ ನಾನು ಕೈ ಬೀಸಿ ತಾಳ ಕೊಡುವುದಿಲ್ಲ’ ಎಂದರು ಜಲೇಹಾ. ‘ನಮ್ಮ ಹಳ್ಳಿಯಲ್ಲಿ ತೊಟ್ಟಿಲೇ ತಾಳ. ಅದು ಅತ್ತ ಹೋದಾಗ ಹೆಂಗಸರು, ಇತ್ತ ಬಂದಾಗ ಗಂಡಸರು. ಹಾಡುವವಳೇ ಹಗ್ಗ ಎಳೆಯಬೇಕು, ಅವಳ ಉಸಿರೂ ಎಳೆತವೂ ಒಂದೇ ಆಗಿರಬೇಕು. ಸುವರ್ಣಾ, ಬಾ, ಕೂರು.’

ಸುವರ್ಣಾ ಬಂದು ಕೂತಳು. ಹಗ್ಗ ಅವಳ ತೊಡೆಯ ಮೇಲೆ ಬಂತು. ಶರಣ್ಯಾಳಿಗೆ ಅಂದಿಗೆ ಇಪ್ಪತ್ತೆಂಟು ವಾರ.

‘ಅಕ್ಕಾ, ಇವತ್ತು ಕೈ ನೋಯುತ್ತಿದೆ’ ಎಂದಳು.

‘ಮುನ್ನೂರು ಮಕ್ಕಳಿಗೆ ಬಡಿಸೋ ಕೈಗೆ ಈ ದಾರ ಭಾರ ಆಯ್ತೇನ್ರೀ?’ ಎಂದಳು ಕಲ್ಯಾಣಿ ಹಿಂದಿನಿಂದ. ಅರ್ಥವಾಗದಿದ್ದರೂ ಧಾಟಿ ತಿಳಿದು ಕೆಲವರು ನಕ್ಕರು. ಸುವರ್ಣಾ ನಗಲಿಲ್ಲ. ಅವತ್ತು ತೊಟ್ಟಿಲು ಹಾಗೇ ನಿಂತಿತು, ಜಲೇಹಾ ಚಪ್ಪಾಳೆ ತಟ್ಟಿ ಹಾಡಿಸಿದರು. ಮರುವಾರ ಶಾಲೆಯಲ್ಲಿ ಹೆಚ್ಚಿನ ಕೆಲಸ ಇದೆಯೆಂದು ಸುಳ್ಳು ಹೇಳಿ ಹೋಗಲೇ ಇಲ್ಲ. ಸುಳ್ಳು ಹೇಳಿದ್ದಕ್ಕೆ ದೇವರ ಮುಂದೆ ಕೂತು ತಪ್ಪೊಪ್ಪಿಕೊಂಡಳು.

ಯಾರಿಗಾದರೂ ಹೇಳಬಹುದಿತ್ತು. ಆದರೆ ಹೇಗೆ ಹೇಳುವುದು? ಈ ಊರಿನಲ್ಲಿ ತೊಟ್ಟಿಲು ಅಂಗಡಿಯ ಬಾಗಿಲಲ್ಲೇ ಇರುತ್ತದೆ. ಹಾದುಹೋಗುವವರೆಲ್ಲ ಒಂದು ಕೈ ದೂಡಿ ನೋಡುತ್ತಾರೆ. ನಿಮ್ಮ ಹಾಡಿನಿಂದ ನನ್ನ ಮಗಳ ಕೂಸಿಗೆ ಕೇಡಾದೀತು ಎಂದು ಹಾಡು ಕೊಟ್ಟವರ ಮುಖಕ್ಕೇ ಹೇಳುವುದೇ? ಹೇಳಿದರೆ ಎರಡು ವರ್ಷದ ಹಿಂದಿನ ಆ ಒಂದು ಬೆರಳಿನ ವಿಷಯವೂ ಹೊರಬೀಳುತ್ತದೆ.

ಮೂರನೆಯ ಬುಧವಾರ ತಪ್ಪಿಸಿಕೊಳ್ಳುವ ದಾರಿ ಇರಲಿಲ್ಲ. ಇಪ್ಪತ್ತೊಂದು ಜನ ಉಸಿರು ಹಿಡಿದು ಅವಳ ಕೈಯನ್ನೇ ನೋಡುತ್ತ ನಿಂತಿದ್ದರು. ಸುವರ್ಣಾ ಮುಖವನ್ನು ಕಿಟಕಿಯ ಕಡೆ ತಿರುಗಿಸಿ, ಕಣ್ಣು ಮುಚ್ಚಿ, ಒಳಗೊಳಗೇ ‘ಶಿವಾ, ಹಾಡಷ್ಟೇ ನಂದು’ ಎಂದುಕೊಂಡು ಹಗ್ಗ ಎಳೆದಳು. ಹಗ್ಗ ತುಸು ಬಿಗಿಯಾಗಿ ಬಂತು. ತೊಟ್ಟಿಲು ಹೋಯಿತು, ಬಂತು. ಮೊದಲ ಸಾಲು ಅವಳ ಬಾಯಿಂದ ತಾನಾಗಿ ಹೊರಟಿತು. ಹೆಂಗಸರು ಕೂಡಿದರು, ಗಂಡಸರು ಕೆಳಗಿನಿಂದ ಗುಂಯ್ ಎಂದರು. ಹಾಡು ಮುಗಿದಾಗ ಜಲೇಹಾ ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. ಸುವರ್ಣಾ ಮಾತ್ರ ಬಟ್ಟೆ ಪೂರ್ತಿ ನಿಲ್ಲುವವರೆಗೂ ಕಣ್ಣು ತೆರೆಯಲಿಲ್ಲ.

ಅದೇ ಸಂಜೆ ಆರು ಗಂಟೆಗೆ ಅಳಿಯ ಆಕಾಶ್ ಫೋನ್ ಮಾಡಿದ. ಶರಣ್ಯಾಳಿಗೆ ರಕ್ತ ಕಾಣಿಸಿಕೊಂಡಿದೆ, ಆಸ್ಪತ್ರೆಗೆ ಬಂದಿದ್ದೇವೆ, ನೀವು ಗಾಬರಿಯಾಗಬೇಡಿ ಎಂದ.

ಗಂಡ ಹೆಂಡತಿ ಉಟ್ಟ ಬಟ್ಟೆಯಲ್ಲೇ ಹೊರಟರು. ಬಾಂಡ್ ಸ್ಟ್ರೀಟ್ ನಿಲ್ದಾಣದಲ್ಲಿ ರೈಲು ಬದಲಿಸಿ ಎಲಿಜಬೆತ್ ಲೈನಿನ ಗಾಡಿ ಹತ್ತಿದರು. ಆಫೀಸು ಬಿಟ್ಟ ಜನ ಕಿಕ್ಕಿರಿದಿದ್ದರು. ಯಾರೋ ಎದ್ದು ಸುವರ್ಣಾಳಿಗೆ ಜಾಗ ಕೊಟ್ಟರು. ಎದುರಿಗೆ ದಾನಪ್ಪ ಕಂಬ ಹಿಡಿದು ನಿಂತ. ಗಾಡಿ ಸುರಂಗದೊಳಗೆ ಹೋದ ಮೇಲೆ ಅವಳು ತಲೆ ಎತ್ತದೆ ಹೇಳಿದಳು:

‘ನಾ ಇವತ್ತ ಖಾಲಿ ತೊಟ್ಟಲಾ ತೂಗೀನ್ರಿ.’

ದಾನಪ್ಪನಿಗೆ ಮೊದಲು ತಿಳಿಯಲಿಲ್ಲ. ಅವಳು ಬಿಡಿಸಿ ಹೇಳಿದಳು. ಅವನು ಬಾಗಿ ಅವಳ ಕಿವಿಯ ಹತ್ತಿರ ಬಂದ.

‘ಹುಚ್ಚಿ. ಇಪ್ಪತ್ತ ವರ್ಷ ಆತು, ದಿನಾ ಡಿಪೋದಿಂದ ಖಾಲಿ ಬಸ್ ಓಡಸ್ಕೊಂಡು ಹೋಗತೀನಿ. ಒಂದರೆ ದಿನ ಮಂದಿ ಹತ್ತದಾಂಗ ಆಗೈತೇನು?’

‘ನಿಮಗ ಎಲ್ಲಾ ಚ್ಯಾಷ್ಟಿ.’

‘ಚ್ಯಾಷ್ಟಿ ಅಲ್ಲ’ ಎಂದ ದಾನಪ್ಪ. ಆದರೆ ಕಂಬ ಹಿಡಿದ ಅವನ ಬೆರಳುಗಳು ಬೆಳ್ಳಗಾಗಿದ್ದವು.

ವಾರ್ಡಿನಲ್ಲಿ ಶರಣ್ಯಾ ಎಡಕ್ಕೆ ಹೊರಳಿ ಮಲಗಿದ್ದಳು. ಹೊಟ್ಟೆಗೆ ಕಟ್ಟಿದ ಪಟ್ಟಿಯಿಂದ ಒಂದು ಯಂತ್ರಕ್ಕೆ ತಂತಿ ಹೋಗಿತ್ತು. ಯಂತ್ರದಿಂದ ಕುದುರೆ ಓಡಿದ ಹಾಗೆ ಸದ್ದು ಬರುತ್ತಿತ್ತು. ಅದು ಕೂಸಿನ ಎದೆಬಡಿತ ಎಂದು ಆಕಾಶ್ ಹೇಳಿದ. ರಕ್ತ ನಿಂತಿದೆ, ಆದರೆ ಮಾಸು ಕೆಳಗೆ, ಗರ್ಭಕೋಶದ ಬಾಯಿಗೆ ಅಡ್ಡವಾಗಿ ಕೂತಿದೆ. ಹೆರಿಗೆಯವರೆಗೂ ಇಲ್ಲೇ ಇರಬೇಕು. ಮತ್ತೆ ರಕ್ತ ಹೋದರೆ ಆಗಲೇ ಕೊಯ್ದು ತೆಗೆಯುತ್ತಾರೆ. ಡಾಕ್ಟರು ಹೇಳಿದ್ದು ಇಷ್ಟು.

‘ಮಾಸು ಯಾವಾಗ ಕೆಳಗ ಬಂತು?’ ಎಂದಳು ಸುವರ್ಣಾ. ‘ಇವತ್ತೇನು?’

ಶರಣ್ಯಾ ಗಂಡನ ಮುಖ ನೋಡಿದಳು. ‘ಅದು ಮೊದಲಿಂದನೂ ಹಂಗ ಇತ್ತು ಮಮ್ಮಿ. ಟ್ವೆಂಟಿ ವೀಕ್ ಸ್ಕ್ಯಾನ್‌ನಾಗ ಹೇಳಿದ್ರು.’

‘ಎರಡೂವರೆ ತಿಂಗಳಾತು. ದಿನಾ ಮುಂಜಾನೆ ಆಲ್ ಫೈನ್ ಅಂತಿದ್ಯಲ್ಲ?’

‘ನಿಂಗ ಹೇಳಿದ್ರ ನೀ ಊಟಾ ಬಿಡ್ತಿದ್ದಿ. ಐ ಡಿಡಿಂಟ್ ವಾಂಟ್ ಟು ವರಿ ಅಬೌಟ್ ಯು ಆಲ್ಸೋ.’

ಮಗಳ ಮೇಲೆ ಸಿಟ್ಟು ಮಾಡುವ ಜಾಗವಲ್ಲ ಅದು. ಸುವರ್ಣಾ ಅವಳ ಪಾದ ಒತ್ತುತ್ತ ಕೂತಳು. ಬುದ್ಧಿ ಹೇಳಿತು: ನೋಡು, ನೀನು ಹಗ್ಗ ಮುಟ್ಟುವ ಮೊದಲೇ ಇದು ಇತ್ತು. ಕೈ ಆ ಮಾತನ್ನು ಕೇಳಲಿಲ್ಲ. ಕೈಗೆ ಗೊತ್ತಿದ್ದದ್ದು ಒಂದೇ: ಎರಡು ಸಲ ತೂಗಿದೆ, ಎರಡು ಸಲವೂ ಫೋನ್ ಬಂತು.

ಆ ಶನಿವಾರ ಅವಳು ಎಜ್‌ವೇರಿನಲ್ಲಿದ್ದ ಜಲೇಹಾರ ಫ್ಲ್ಯಾಟಿಗೆ ಹೋದಳು, ಕಾಯಿರ್ ಬಿಡುತ್ತೇನೆ ಎಂದು ಹೇಳಲು. ಲಿಫ್ಟಿನಲ್ಲಿ ನಿಂತು ಹೇಳಬೇಕಾದ ಇಂಗ್ಲಿಷ್ ಮಾತುಗಳನ್ನು ಎರಡು ಸಲ ಒಪ್ಪಿಸಿಕೊಂಡಳು. ಜಲೇಹಾ ಮಧ್ಯಾಹ್ನದ ನಮಾಜು ಮುಗಿಸಿ ಚಾಪೆ ಮಡಿಸುತ್ತಿದ್ದರು. ಸುವರ್ಣಾಳ ಮುಖ ನೋಡಿದವರೇ ಏನೂ ಕೇಳದೆ ಕೂರಿಸಿ, ಬಿಸಿ ಚಹಾ ತಂದಿಟ್ಟು, ತಾವೂ ಎದುರಿಗೆ ಕೂತರು. ಅವರು ಕೇಳುವ ರೀತಿಯೇ ಹಾಗೆ. ಸುಮ್ಮನಿದ್ದು ಜಾಗ ಮಾಡಿಕೊಡುತ್ತಾರೆ. ಒಪ್ಪಿಸಿಕೊಂಡ ಮಾತುಗಳೆಲ್ಲ ಸುವರ್ಣಾಳಿಗೆ ಮರೆತುಹೋದವು. ಕೈ ನೋವೆಂದದ್ದು ಸುಳ್ಳು ಎಂದಳು. ಖಾಲಿ ತೊಟ್ಟಿಲಿನ ವಿಷಯ ಹೇಳಿದಳು. ಕೊನೆಗೆ, ಗಂಡನಿಗೂ ಹೇಳದ ಆ ಬೆರಳಿನ ವಿಷಯವನ್ನೂ ಹೇಳಿಬಿಟ್ಟಳು. ನಗುತ್ತಾರೆಂದು ಕಾದಳು.

ಜಲೇಹಾ ನಗಲಿಲ್ಲ. ‘ಖಾಲಿ ಎಂದು ನಿನಗೆ ಯಾರು ಹೇಳಿದರು?’ ಎಂದರು.

ಎದ್ದು ಹೋಗಿ, ಮೂಲೆಯಲ್ಲಿ ಮಡಿಸಿಟ್ಟಿದ್ದ ಕಂದು ಬಟ್ಟೆಯನ್ನು ಎರಡೂ ಕೈಯಲ್ಲಿ ಎತ್ತಿ ತಂದು ಅವಳ ಮುಂದಿಟ್ಟರು. ಒಳಗೆ ಬಿಳಿ ವಸ್ತ್ರದಲ್ಲಿ ಸುತ್ತಿದ, ಮೊಳದುದ್ದದ ಮಸಾಲೆ ಅರೆಯುವ ಕಲ್ಲಿತ್ತು.

‘ನಮ್ಮಲ್ಲೂ ಖಾಲಿ ತೂಗಿದರೆ ಅಜ್ಜಿಯಂದಿರು ಕೈಮೇಲೆ ಹೊಡೆಯುತ್ತಿದ್ದರು. ಹೊಸ ತೊಟ್ಟಿಲಿಗೆ ಮೊದಲು ಈ ಕಲ್ಲು ಹಾಕಿಯೇ ತೂಗುವುದು. ಮೊದಲ ದಿನದಿಂದಲೂ ಇದು ಒಳಗಿದೆ. ನೀನು ಒಮ್ಮೆಯೂ ಬಗ್ಗಿ ನೋಡಲಿಲ್ಲ.’

ಸುವರ್ಣಾ ಆ ಕಲ್ಲನ್ನೇ ನೋಡುತ್ತ ಕೂತಳು. ತನ್ನ ತವರಿನಲ್ಲೂ ಕೂಸನ್ನು ತೊಟ್ಟಿಲಿಗೆ ಹಾಕುವ ದಿನ ಮೊದಲು ಗುಂಡಕಲ್ಲಿಗೆ ಕೂಸಿನ ಕುಂಚಿಗೆ ತೊಡಿಸಿ, ಅದನ್ನೇ ಕೂಸಿನಂತೆ ಮಲಗಿಸಿ ತೂಗಿ, ಆಮೇಲೆ ಕೂಸನ್ನು ಹಾಕುತ್ತಾರೆ. ಸಮುದ್ರದಾಚೆಯ ಇವರ ಮನೆಯಲ್ಲೂ ಅದೇ ಕಲ್ಲು. ಎದೆಯ ಮೇಲಿಂದ ಯಾರೋ ಚೀಲ ಇಳಿಸಿದಂತಾಯಿತು. ಒಂದು ಗಳಿಗೆ, ಅಷ್ಟೇ. ಆಮೇಲೆ ನೆನಪಾಯಿತು: ನಮ್ಮಲ್ಲಿ ಕಲ್ಲು ಹಾಕುವುದು ಕೂಸು ಹುಟ್ಟಿ ಮನೆಗೆ ಬಂದ ಮೇಲೆ. ಹುಟ್ಟುವ ಮೊದಲು ಹಾಕಿದ ಕಲ್ಲು ಲೆಕ್ಕಕ್ಕೆ ಬರುತ್ತದೋ ಇಲ್ಲವೋ ಯಾರನ್ನು ಕೇಳುವುದು? ಇವರ ಅಜ್ಜಿ ಹೌದೆನ್ನುತ್ತಿದ್ದರೇನೋ. ತನ್ನ ಅಜ್ಜಿ?

ಅದಕ್ಕಿಂತ ದೊಡ್ಡ ಭಯ ಇನ್ನೊಂದು ಬಂತು. ಮೊನ್ನೆ ತೊಟ್ಟಿಲು ಖಾಲಿ ಇರಲಿಲ್ಲ. ಆದರೂ ರಕ್ತ ಹೋಯಿತು. ಹಾಗಾದರೆ ತಾನು ತೂಗಿದ್ದರಿಂದ ಆದದ್ದಲ್ಲ. ತೂಗದಿದ್ದರೆ ತಪ್ಪುತ್ತಿರಲೂ ಇಲ್ಲ. ಎರಡು ವರ್ಷದಿಂದ ಆ ಬೆರಳಿನ ಪಾಪವನ್ನು ಹೊತ್ತುಕೊಂಡು ತಿರುಗಿದ್ದಳು. ಹೊರೆಯೇ ಆದರೂ ಅದು ಹಿಡಿದುಕೊಳ್ಳಲು ಒಂದು ಹಿಡಿಕೆಯಂತಿತ್ತು: ಇಂಥದ್ದು ಮಾಡಬಾರದು, ಮಾಡದಿದ್ದರೆ ಕೂಸು ಉಳಿಯುತ್ತದೆ. ಈಗ ಆ ಹಿಡಿಕೆ ಕೈಯಿಂದ ಜಾರಿತು. ಮಾಡುವುದಕ್ಕೂ ಏನಿಲ್ಲ, ಬಿಡುವುದಕ್ಕೂ ಏನಿಲ್ಲ. ಬರೀ ಕಾಯುವುದು.

‘ನಿನಗೆ ಬೇಡವೆನಿಸಿದರೆ ಈ ಹಾಡನ್ನೇ ಕೈಬಿಡುತ್ತೇನೆ’ ಎಂದರು ಜಲೇಹಾ. ‘ಏಳು ಹಾಡು ಸಾಕು. ಬೇರೆಯವರಿಗೆ ಕೊಡುವುದಿಲ್ಲ.’

ಸುವರ್ಣಾ ಒಂದು ವಾರ ಕೊಡಿ ಎಂದು ಕೇಳಿ ಹೊರಟುಬಂದಳು.

ಮುಂದೆ ಪ್ರತಿದಿನವೂ ಶಾಲೆ ಮುಗಿಸಿ ಆಸ್ಪತ್ರೆಗೆ ಹೋಗುವುದೇ ಅವಳ ಕೆಲಸವಾಯಿತು. ಡಬ್ಬಿಯಲ್ಲಿ ಮೆತ್ತಗಿನ ಜೋಳದ ರೊಟ್ಟಿ, ಮೊಸರು, ಶೇಂಗಾ ಚಟ್ನಿ. ಶರಣ್ಯಾ ಒಂದು ತುಂಡು ತಿಂದು ಸಾಕೆನ್ನುವಳು. ಒಮ್ಮೆ ಮತ್ತೆ ತುಸು ರಕ್ತ ಕಂಡು, ನರ್ಸುಗಳು ಓಡಾಡಿ, ಎಲ್ಲರೂ ಬಾಗಿಲಾಚೆ ನಿಂತು, ಒಂದು ಗಂಟೆಯ ಮೇಲೆ ಅದು ನಿಂತಿತು. ಪ್ರತಿ ಮಧ್ಯಾಹ್ನ ವಾರ್ಡಿನ ಬಾಗಿಲಲ್ಲಿ ಕೈಗೆ ಔಷಧದ ನೀರು ಹಚ್ಚಿಕೊಳ್ಳುವಾಗ ಸುವರ್ಣಾ ಕಿವಿಗೊಟ್ಟು ನಿಲ್ಲುತ್ತಿದ್ದಳು. ಒಳಗೆ ಆ ಕುದುರೆ ಓಟದ ಸದ್ದು ಕೇಳಿದ ಮೇಲೇ ಹೆಜ್ಜೆ ಮುಂದಿಡುತ್ತಿದ್ದಳು.

‘ನಿಂದು ಆ ಸೋಲೋ ಏನಾತು ಮಮ್ಮಿ?’ ಎಂದು ಒಂದು ದಿನ ಶರಣ್ಯಾ ಕೇಳಿದಳು.

‘ಬಿಡಬೇಕಂತ ಮಾಡೀನವಾ. ದಿನಾ ಇಲ್ಲಿಗೆ ಬರೂದು ಐತಲ್ಲ.’

ಶರಣ್ಯಾ ಮೊಣಕೈ ಊರಿ ಏಳಲು ಹೋದಳು. ಸುವರ್ಣಾ ಭುಜ ಹಿಡಿದು ಮಲಗಿಸಿದಳು.

‘ಡೋಂಟ್. ನೀ ಯಾವತ್ತೂ ಏನೂ ಅರ್ಧಕ್ಕ ಬಿಟ್ಟಾಕಿ ಅಲ್ಲ. ನೀ ಹಾಡು ಬಿಟ್ಟಿ ಅಂದ್ರ ಇವರು ಏನೋ ಮುಚ್ಚಿ ಇಡಾಕತ್ತಾರ ಅಂತ ನನಗ ಅನಸ್ತೈತಿ. ನಂಗ ಹೆದರಿಕಿ ಬರ್ತೈತಿ ಮಮ್ಮಿ.’ ಅವಳ ಕಣ್ಣು ತುಂಬಿದ್ದವು. ‘ಜಸ್ಟ್ ಸಿಂಗ್ ಇಟ್. ಈಗ ಹಾಡು, ಕೇಳೋಣ.’

ಸುವರ್ಣಾ ಸುತ್ತ ನೋಡಿದಳು. ಪಕ್ಕದ ಮಂಚದ ಹೆಂಗಸು ಕಣ್ಣು ಮುಚ್ಚಿದ್ದಳು. ಅವಳು ಮಗಳ ಹೊದಿಕೆಯ ಅಂಚು ಹಿಡಿದು, ಅದನ್ನೇ ಮೆಲ್ಲಗೆ ಎಳೆಯುತ್ತ, ಪಿಸುದನಿಯಲ್ಲಿ ದೋಣಿಯ ಆ ಜೋಗುಳ ಹಾಡಿದಳು. ಕೂಸಿನ ಎದೆಬಡಿತ ಹಾಡಿನ ಎರಡು ಪಟ್ಟು, ಮೂರು ಪಟ್ಟು ಜೋರಾಗಿ ಓಡುತ್ತಿತ್ತು. ತಾಳ ಎಲ್ಲಿಯೂ ಕೂಡಲಿಲ್ಲ. ಅದರ ಹಿಂದೆ ಹೋಗಬಾರದು, ತನ್ನ ಜಾಗ ಬಿಡಬಾರದು ಎಂದು ಹಿಡಿದ ಸ್ವರ ಬಿಡದೆ ಹಾಡಿದಳು. ಎರಡನೆಯ ಸಾಲಿಗೆ ಶರಣ್ಯಾಳಿಗೆ ನಿದ್ದೆ ಹತ್ತಿತು. ಸುವರ್ಣಾ ಯಂತ್ರದ ಅಂಕಿಯ ಮೇಲಿನ ಕಣ್ಣು ತೆಗೆಯದೆ ಹಾಡು ಮುಗಿಸಿದಳು. ಹೊರಗೆ ಬಂದು ಜಲೇಹಾರಿಗೆ ಫೋನ್ ಮಾಡಿ, ಹಾಡುತ್ತೇನೆ ಎಂದಳು.

ಕಛೇರಿಯ ದಿನ ಶರಣ್ಯಾಳಿಗೆ ಮೂವತ್ತಮೂರು ವಾರ ತುಂಬಿ ಮೂರು ದಿನ. ಬೆಳಿಗ್ಗೆಯಿಂದ ಹೊಟ್ಟೆ ಬಿಗಿಹಿಡಿದಂತಾಗುತ್ತಿದೆ, ಡಾಕ್ಟರು ನೋಡುತ್ತಿದ್ದಾರೆ, ಇನ್ನೂ ಏನೂ ಹೇಳಿಲ್ಲ ಎಂದು ಆಕಾಶ್ ತಿಳಿಸಿದ್ದ. ದಾನಪ್ಪ ಆಸ್ಪತ್ರೆಯಲ್ಲಿ ಉಳಿದ. ‘ನೀ ಹಾಡಿ ಬಾ. ಇಲ್ಲಿ ಇಬ್ಬರು ಕೂತು ನೋಡಿದ್ರ ಏನು ಲಗೂ ಆಗೂದಿಲ್ಲ’ ಎಂದು ಅವಳನ್ನು ಕಳಿಸಿದ್ದ.

ಚರ್ಚು ತುಂಬಿತ್ತು. ಏಳನೆಯ ಹಾಡು ಶುರುವಾಯಿತು. ಅದು ಗಂಡಸರಷ್ಟೇ ಹಾಡುವ, ದೋಣಿ ನೂಕುವ ಪದ. ಹೆಂಗಸರೆಲ್ಲ ಪಕ್ಕದ ಸಣ್ಣ ಕೋಣೆಗೆ ಬಂದು ನೀರು ಕುಡಿಯುತ್ತಿದ್ದರು. ಸುವರ್ಣಾ ಮೂಲೆಯಲ್ಲಿ ಗೋಡೆಗೆ ಒರಗಿ ನಿಂತಿದ್ದಳು. ಸೆರಗಿನೊಳಗೆ ಅವಳ ಬೆರಳುಗಳು ಒಂದನ್ನೊಂದು ಹಿಂಡುತ್ತಿದ್ದವು. ಕಲ್ಯಾಣಿ ಹತ್ತಿರ ಬಂದು ದನಿ ತಗ್ಗಿಸಿದಳು.

‘ಸುವರ್ಣಾ, ಆವತ್ತು ಕೈ ನೋವು ಅಂದಾಗ ನಾನು ಏನೇನೋ ಆಡ್ಬಿಟ್ಟೆ. ನಂಗೆ ಗೊತ್ತಿರ್ಲಿಲ್ಲ ಕಣ್ರೀ. ನೀವು ಕಣ್ಣು ಮುಚ್ಕೊಂಡು ಹಗ್ಗ ಎಳೆದಿದ್ದು ನೋಡಿದ್ಮೇಲೆ ಹೊಳೀತು. ನಮ್ಮತ್ತೆ ಬದುಕಿದ್ದಿದ್ರೆ ನನ್ನ ಕಪಾಳಕ್ಕೆ ಕೊಡೋರು. ನಮ್ಮಲ್ಲೂ ಖಾಲಿ ತೊಟ್ಲು ತೂಗಲ್ಲ.’

‘ಖಾಲಿ ಇಲ್ರಿ. ಒಳಗ ಕಲ್ಲ ಐತಿ.’

‘ಜಲೇಹಾ ಹೇಳಿದ್ರು. ಆದ್ರೂ ನಿಮ್ಮ ಬೆರಳು ನೋಡಿ, ಹ್ಯಾಗೆ ಹಿಂಡ್ಕೋತಿದೀರಿ.’ ಕಲ್ಯಾಣಿ ಬಾಗಿಲ ಕಡೆ ಒಮ್ಮೆ ನೋಡಿ ಇನ್ನೂ ಹತ್ತಿರ ಸರಿದಳು. ‘ಒಂದು ಮಾತು ಕೇಳಿ. ನೀವು ಹಾಡಿ ಸಾಕು. ಹಗ್ಗ ನಾನು ಎಳೀತೀನಿ. ಒಂದು ವಾರದಿಂದ ಮನೇಲಿ ಕುರ್ಚಿಗೆ ವೇಲು ಕಟ್ಟಿ, ಫೋನಲ್ಲಿ ನಿಮ್ಮ ಹಾಡು ಹಾಕ್ಕೊಂಡು ಅಭ್ಯಾಸ ಮಾಡಿದೀನಿ. ನಮ್ಮನೆಯೋರು ನಂಗೆ ತಲೆ ಕೆಟ್ಟಿದೆ ಅಂದ್ಕೊಂಡಿದಾರೆ. ಪಕ್ಕದಲ್ಲೇ ಕೂತು ನಿಮ್ಮ ಉಸಿರು ನೋಡ್ಕೊಂಡು ಎಳೀತೀನಿ, ಒಂಚೂರೂ ತಪ್ಪಲ್ಲ. ಏನಾದ್ರೂ ಇದ್ರೆ ಅದು ಎಳೆದೋರಿಗೆ ತಾನೇ? ನಮಗಿರೋ ಒಬ್ಬಳೇ ಮಗಳು ಗಾರ್ಗಿ ಮದುವೆನೇ ಬೇಡ ಅಂತ ಕೂ‍ತಿದಾಳೆ. ನಮ್ಮನೇಲಿ ತಗಲೋಕೆ ಯಾರಿದಾರೆ ಹೇಳಿ?’

ಸುವರ್ಣಾ ಅವಳ ಮುಖ ನೋಡಿದಳು. ಈ ಊರಿಗೆ ಬಂದು ಇಪ್ಪತ್ತಾರು ವರ್ಷದಲ್ಲಿ ಯಾರೂ ಅವಳಿಗೆ ಇಷ್ಟು ದೊಡ್ಡದನ್ನು ಕೊಡಲು ಬಂದಿರಲಿಲ್ಲ. ಹೂಂ ಎನ್ನುವ ಆಸೆ ಗಂಟಲವರೆಗೂ ಬಂತು. ಹೊರಗೆ ಗಂಡಸರ ಪದದ ಕೊನೆಯ ಸಾಲು ನಡೆದಿತ್ತು. ಅಲ್ಲಿ ಇಲ್ಫರ್ಡಿನಲ್ಲಿ ಆಗುವುದು ಆಗುತ್ತಲೇ ಇತ್ತು, ಇಲ್ಲಿ ಹಗ್ಗ ಯಾರ ಕೈಯಲ್ಲಿದ್ದರೂ.

‘ಗಾರ್ಗಿ ಅದಾಳಲ್ರಿ ಕಲ್ಯಾಣಿಯವರ’ ಎಂದಳು ಸುವರ್ಣಾ. ‘ನಾಳೆ ಅಕಿ ಮನಸ್ಸು ತಿರುಗಿದ್ರ? ನನ್ನ ಅಂಜಿಕಿ ನಿಮ್ಮ ಮನ್ಯಾಗ ಇಟ್ಟು ನಾ ಹ್ಯಾಂಗ ಹಾಡ್ಲಿ?’

‘ನಾನು ಇಂಥದ್ದನ್ನೆಲ್ಲ ಅಷ್ಟು ನಂಬಲ್ಲ ಕಣ್ರೀ.’

‘ನಂಬೂದಿಲ್ಲಂದ್ರ ಒಂದು ವಾರ ಕುರ್ಚಿ ಯಾಕ ತೂಗಿದ್ರಿ?’

ಕಲ್ಯಾಣಿ ಹಗ್ಗ ಕೊಡಿ ಎನ್ನುವಂತೆ ಕೈ ಚಾಚಿದಳು. ಚಪ್ಪಾಳೆ ಕೇಳಿಸಿತು. ಜಲೇಹಾ ಬಾಗಿಲಲ್ಲಿ ಬಂದು ನಿಂತು ಸುವರ್ಣಾಳ ಕಡೆ ನೋಡಿದರು. ಕಲ್ಯಾಣಿ ಇನ್ನೂ ಕೈ ಚಾಚಿಯೇ ಇದ್ದಳು. ಸುವರ್ಣಾ ಆ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದು, ಒಮ್ಮೆ ಒತ್ತಿ, ಕೆಳಗೆ ಬಿಟ್ಟಳು.

‘ಬ್ಯಾಡ್ರಿ’ ಎಂದಳು. ‘ನಾನ ಎಳೀತೀನಿ.’